ಕಿಟ್ ಲೆನ್ಸ್‌ನ ನಂತರ ಯಾವ ಲೆನ್ಸ್? ಹೊಸ ಛಾಯಾಗ್ರಾಹಕರಿಗೂ ಹೆತ್ತವರಿಗೂ ಮಾಹಿತಿ

ಶಾಲಾ ವಾರ್ಷಿಕೋತ್ಸವ, ಊರಿನ ಯಕ್ಷಗಾನ ಬಯಲಾಟ, ನೆಂಟರ ಮನೆಯ ಮದುವೆ: ಕ್ಯಾಮೆರಾ ಹಿಡಿದ ವಿದ್ಯಾರ್ಥಿಗಳು ಮೊದಲು ಚಿತ್ರ ತೆಗೆಯುವುದು ಇಂತಹ ಸಂದರ್ಭಗಳಲ್ಲಿ. ಕ್ಯಾಮೆರಾದೊಂದಿಗೆ ಸಾಮಾನ್ಯವಾಗಿ ಬರುವ 18-55 ಮಿ.ಮೀ. ‘ಕಿಟ್’ ಲೆನ್ಸ್ ಹಗಲಿನಲ್ಲಿ ತೃಪ್ತಿಕರವಾಗಿ ಕೆಲಸ ಮಾಡುತ್ತದೆ. ರಾತ್ರಿಯ ರಂಗಸ್ಥಳದಲ್ಲಿ ಮಾತ್ರ ವೇಷಧಾರಿಯ ಮುಖ ಅಲುಗಿ ಮಸುಕಾಗುತ್ತದೆ. ಆಗ ಇನ್ನೊಂದು ಲೆನ್ಸ್ ಬೇಕೆಂಬ ಬೇಡಿಕೆ ಹೆತ್ತವರ ಮುಂದೆ ಬರುತ್ತದೆ. ಇದು ಸಾವಿರಾರು ರೂಪಾಯಿಗಳ ವೆಚ್ಚ. ಆಯ್ಕೆ ತಪ್ಪಿದರೆ ಲೆನ್ಸ್ ಕಪಾಟಿನಲ್ಲಿಯೇ ಉಳಿಯುತ್ತದೆ. ಆದುದರಿಂದ ಖರೀದಿಗೆ ಮುನ್ನ ಕೆಲವು ವಿಷಯಗಳನ್ನು ತಿಳಿದಿರಬೇಕು.

ಎರಡು ಸಂಖ್ಯೆಗಳು

ಲೆನ್ಸ್‌ನ ಮೇಲೆ ಮುಖ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಮಿಲಿಮೀಟರಿನಲ್ಲಿ ಹೇಳುವ ಸಂಗಮದೂರ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಪೀನ ಮಸೂರದ ಬಗ್ಗೆ ಕಲಿಯುವುದೂ ಇದನ್ನೇ. ಸಂಗಮದೂರ ಹೆಚ್ಚಿದಂತೆ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ, ಚೌಕಟ್ಟಿನೊಳಗೆ ಸೇರುವ ದೃಶ್ಯ ಕಿರಿದಾಗುತ್ತದೆ. ಆರಂಭಿಕರ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಸಂವೇದಕ ಎಪಿಎಸ್-ಸಿ ಗಾತ್ರದ್ದು. ಅಂತಹ ಕ್ಯಾಮೆರಾದಿಂದ 4 ಮೀಟರ್ ದೂರದಲ್ಲಿ 18 ಮಿ.ಮೀ. ಲೆನ್ಸ್ ಸುಮಾರು 5.2 ಮೀಟರ್ ಅಗಲದ ದೃಶ್ಯವನ್ನು ಹಿಡಿದರೆ, 35 ಮಿ.ಮೀ. ಸುಮಾರು 2.7 ಮೀಟರ್, 50 ಮಿ.ಮೀ. ಸುಮಾರು 1.9 ಮೀಟರ್ ಮಾತ್ರ ಹಿಡಿಯುತ್ತದೆ.

ಎರಡನೆಯದು ದ್ಯುತಿರಂಧ್ರದ ಎಫ್ ಸಂಖ್ಯೆ. ಈ ಸಂಖ್ಯೆ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು. ಕಿಟ್ ಲೆನ್ಸ್ 55 ಮಿ.ಮೀ.ನಲ್ಲಿ ಸಾಮಾನ್ಯವಾಗಿ ಎಫ್ 5.6ರವರೆಗೆ ಮಾತ್ರ ತೆರೆಯುತ್ತದೆ. ಎಫ್ 1.8ರ ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಅಂದರೆ ಸೆಕೆಂಡಿನ 1/10 ಭಾಗ ಬೇಕಾಗುತ್ತಿದ್ದ ಚಿತ್ರವನ್ನು 1/100 ಭಾಗದಲ್ಲಿ ತೆಗೆಯಬಹುದು.

ಮೊದಲು ಹಳೆಯ ಚಿತ್ರಗಳನ್ನು ನೋಡಿ

ಪ್ರತಿಯೊಂದು ಡಿಜಿಟಲ್ ಚಿತ್ರದಲ್ಲಿಯೂ ಅದನ್ನು ತೆಗೆದ ಸಂಗಮದೂರ, ಷಟರ್ ವೇಗ ಮತ್ತು ಐಎಸ್‌ಒ ದಾಖಲಾಗಿರುತ್ತವೆ. ನೂರು ಚಿತ್ರಗಳನ್ನು ತೆರೆದು ಪಟ್ಟಿ ಮಾಡಿಕೊಳ್ಳಿ. ಹೆಚ್ಚಿನವು 55ರಲ್ಲಿದ್ದು, ಆದರೂ ವಸ್ತು ಚಿಕ್ಕದಾಗಿ ಕಂಡರೆ ದೂರದ ಲೆನ್ಸ್ ಬೇಕು. ಹೆಚ್ಚಿನವು 18ರಲ್ಲಿದ್ದು ಇಕ್ಕೆಲಗಳು ಕತ್ತರಿಸಿಹೋಗಿದ್ದರೆ ಅಗಲ ನೋಟದ ಲೆನ್ಸ್ ಬೇಕು. ಚೌಕಟ್ಟು ಸರಿಯಿದ್ದು ಚಿತ್ರ ಮಸುಕಾಗಿದ್ದರೆ ಕೊರತೆಯಿರುವುದು ಬೆಳಕಿನಲ್ಲಿ.

ಅಗತ್ಯಕ್ಕೆ ತಕ್ಕ ಆಯ್ಕೆ

ಮಂದ ಬೆಳಕಿನ ಕೊರತೆಗೆ 50 ಮಿ.ಮೀ. ಎಫ್ 1.8 ಅಗ್ಗದ ಮತ್ತು ಉತ್ತಮ ಪರಿಹಾರ. ಇದರಲ್ಲಿ ಜೂಮ್ ಇಲ್ಲ; ನಾವೇ ಹಿಂದೆ ಮುಂದೆ ನಡೆಯಬೇಕು. ತರಗತಿಯಂತಹ ಇಕ್ಕಟ್ಟಾದ ಕೋಣೆಯಲ್ಲಿ 35 ಮಿ.ಮೀ. ಹೆಚ್ಚು ಅನುಕೂಲ. ಕಿಟ್ ಲೆನ್ಸನ್ನೇ ಒಂದು ದಿನ 35ರಲ್ಲಿ, ಮತ್ತೊಂದು ದಿನ 50ರಲ್ಲಿ ನಿಲ್ಲಿಸಿ ಬಳಸಿದರೆ ಯಾವುದು ಒಗ್ಗುತ್ತದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಎರಡು ಸಾಲುಗಳಲ್ಲಿ ನಿಂತವರ ಗುಂಪು ಚಿತ್ರಕ್ಕೆ ಎಫ್ 1.8 ಸಲ್ಲದು, ಹಿಂದಿನ ಸಾಲು ಮಸುಕಾಗುತ್ತದೆ, ಎಫ್ 5.6ರಷ್ಟು ಇರಿಸಿಕೊಳ್ಳಬೇಕು.

ಹಕ್ಕಿಗಳಿಗೂ ಕ್ರೀಡಾಕೂಟಕ್ಕೂ 55-250 ಅಥವಾ 70-300 ಮಿ.ಮೀ. ಲೆನ್ಸ್‌ಗಳಿವೆ. ಇವು ಹಗಲಿನವು, ರಾತ್ರಿಯ ವೇದಿಕೆಗೆ ಇವನ್ನು ಕೊಂಡವರು ನಿರಾಶರಾಗುತ್ತಾರೆ. ಕಂಪನ ನಿರೋಧಕ ವ್ಯವಸ್ಥೆ ನಮ್ಮ ಕೈ ನಡುಕವನ್ನು ತಗ್ಗಿಸುತ್ತದೆಯೇ ಹೊರತು ಕುಣಿಯುವ ಕಲಾವಿದನನ್ನು ನಿಲ್ಲಿಸಲಾರದು.

ಹೊಂದಾಣಿಕೆ

ಒಂದು ಕಂಪನಿಯ ಲೆನ್ಸ್ ಇನ್ನೊಂದರ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ನೇರವಾಗಿ ಕೂಡುವುದಿಲ್ಲ. ಒಂದೇ ಕಂಪನಿಯಲ್ಲಿಯೂ ಭೇದಗಳಿವೆ. ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳೊಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಕ್ಯಾನನ್‌ನ ಆರ್‌ಎಫ್ ಲೆನ್ಸ್ ಅದರ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಮಾತ್ರ. ಡಿಎಸ್‌ಎಲ್‌ಆರ್‌ಗೆ ಅದು ಹೊಂದದು. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾವನ್ನು ಕೊಂಡೊಯ್ದು, ಲೆನ್ಸ್ ಹಾಕಿ ಪರೀಕ್ಷಿಸಿರಿ.

ಬಳಸಿದ ಲೆನ್ಸ್ ಕೊಳ್ಳುವಾಗ

ಒಂದು ತುದಿಯಿಂದ ಟಾರ್ಚ್ ಬೆಳಕು ಹಾಯಿಸಿ, ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ; ಬೆಳಕಿಗೆ ನೇರವಾಗಿ ಕಣ್ಣಿಡಬೇಡಿ. ಒಳಗೆ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಶಿಲೀಂಧ್ರ. ಅಂತಹ ಲೆನ್ಸ್ ಬೇಡ. ಹೊರಗಾಜಿನ ಮೇಲಿನ ಸಣ್ಣ ಗೀರು ಅಷ್ಟು ಬಾಧಕವಲ್ಲ. ಕಾಸರಗೋಡಿನಂತಹ ಕರಾವಳಿಯಲ್ಲಿಯೂ ವಯನಾಡಿನಲ್ಲಿಯೂ ಮಳೆಗಾಲದ ತೇವದಿಂದ ಹೊಸ ಲೆನ್ಸ್‌ಗೂ ಶಿಲೀಂಧ್ರ ಹಿಡಿಯುತ್ತದೆ. ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇರಿಸಿ, ಆಗಾಗ ಹೊರತೆಗೆದು ಬಳಸಬೇಕು.

ಮೇಲೆ ಹೇಳಿದ ಪಟ್ಟಿಯಲ್ಲಿ ಸ್ಪಷ್ಟವಾದ ಕೊರತೆಯೇನೂ ಕಾಣದಿದ್ದರೆ ಸದ್ಯ ಕೊಳ್ಳದಿರುವುದೇ ಸರಿಯಾದ ನಿರ್ಧಾರ. ಮಕ್ಕಳು ಇರುವ ಲೆನ್ಸ್‌ನಲ್ಲಿಯೇ ಇನ್ನೊಂದು ವರ್ಷ ಕಲಿಯಲಿ. ಕೊರತೆ ಕಂಡಾಗ ಆ ಪಟ್ಟಿಯನ್ನು ಹೆತ್ತವರ ಮುಂದಿಟ್ಟು ಕೇಳಲಿ. ಹೆತ್ತವರೂ ಅದನ್ನು ನೋಡಿಯೇ ತೀರ್ಮಾನಿಸಲಿ.