ಕೈಗಡಿಯಾರಗಳಲ್ಲಿ ಬಿಳಿ ಚಿನ್ನ ಮತ್ತು ಪ್ಲಾಟಿನಂ

ಬಿಳಿ ಚಿನ್ನ ಮತ್ತು ಪ್ಲಾಟಿನಂ ದುಬಾರಿ ಕೈಗಡಿಯಾರಗಳ ಕವಚ, ಬೆಜೆಲ್ (ಗಾಜಿನ ಸುತ್ತಲಿನ ಬಳೆ) ಹಾಗೂ ಲೋಹದ ಪಟ್ಟಿಗಳ ತಯಾರಿಕೆಯಲ್ಲಿ ಬಳಕೆಯಾಗುವ ಎರಡು ಬಿಳಿ ಬಣ್ಣದ ಅಮೂಲ್ಯ ಲೋಹಗಳು. ಹೊರನೋಟಕ್ಕೆ ಇವೆರಡೂ ಒಂದನ್ನೊಂದು ಹೋಲುತ್ತವೆ. ಉಕ್ಕಿನ ಗಡಿಯಾರವನ್ನೂ ಹೋಲುತ್ತವೆ. ಆದರೆ ಬಿಳಿ ಚಿನ್ನವು ಒಂದು ಮಿಶ್ರಲೋಹ, ಪ್ಲಾಟಿನಂ 78 ಪರಮಾಣು ಸಂಖ್ಯೆಯ ಮೂಲಧಾತು. ಒಂದೇ ಮಾದರಿಯನ್ನು ಎರಡೂ ಲೋಹಗಳಲ್ಲಿ ತಯಾರಿಸುವ ಕಂಪನಿಗಳು ಪ್ಲಾಟಿನಂ ಆವೃತ್ತಿಗೆ ಹೆಚ್ಚಿನ ಬೆಲೆ ನಿಗದಿಪಡಿಸುವುದು ರೂಢಿ. ಈ ಅಂತರವನ್ನು ಲೋಹದ ಮಾರುಕಟ್ಟೆ ದರವೊಂದರಿಂದಲೇ ವಿವರಿಸಲಾಗದು.

ಹೆಸರು

ಕನ್ನಡ ಪತ್ರಿಕೆಗಳಲ್ಲಿ ‘ಬಿಳಿ ಬಂಗಾರ’ ಎಂಬ ಮಾತು ಸಾಮಾನ್ಯವಾಗಿ ಹತ್ತಿಯನ್ನು ಸೂಚಿಸುತ್ತದೆ. ಆಭರಣದ ಅಂಗಡಿಗಳಲ್ಲಿ ಲೋಹವನ್ನು ‘ವೈಟ್ ಗೋಲ್ಡ್’ ಎಂದೇ ಕರೆಯುವುದುಂಟು. ಗ್ರಾಹಕರಲ್ಲಿ ಹಲವರು ವೈಟ್ ಗೋಲ್ಡ್ ಮತ್ತು ಪ್ಲಾಟಿನಂ ಒಂದೇ ವಸ್ತುವಿನ ಎರಡು ಹೆಸರುಗಳೆಂದು ಭಾವಿಸುತ್ತಾರೆ, ಇದು ತಪ್ಪು. ಪ್ಲಾಟಿನಂ ಎಂಬ ಹೆಸರು ಸ್ಪ್ಯಾನಿಷ್ ಭಾಷೆಯ ‘ಪ್ಲಾಟಿನಾ’, ಅಂದರೆ ‘ಚಿಕ್ಕ ಬೆಳ್ಳಿ’ ಎಂಬ ಪದದಿಂದ ಬಂದಿದೆ. ಇಂದಿನ ಕೊಲಂಬಿಯ ಪ್ರದೇಶದಲ್ಲಿ ಚಿನ್ನ ತೊಳೆಯುತ್ತಿದ್ದ ಸ್ಪೇನಿನವರು ಚಿನ್ನದೊಡನೆ ಬರುತ್ತಿದ್ದ, ಕರಗದ ಈ ಬಿಳಿ ಕಣಗಳನ್ನು ಕೀಳಾಗಿ ಕಂಡು ಇಟ್ಟ ಹೆಸರದು.

ಹಿನ್ನೆಲೆ

ಚಿನ್ನವು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪ್ಲಾಟಿನಂ ಕರಗಲು ಸುಮಾರು 1768 ಡಿಗ್ರಿ ಬೇಕು. ಈ ಕಾರಣದಿಂದ ಅದು ದೀರ್ಘಕಾಲ ಅಕ್ಕಸಾಲಿಗರ ಕೈಗೆ ಒಗ್ಗದ ಲೋಹವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ಕಾರ್ಟಿಯೆ ಮೊದಲಾದ ಆಭರಣಕಾರರು ವಜ್ರಗಳನ್ನು ಕೂರಿಸಲು ಪ್ಲಾಟಿನಂ ಬಳಸತೊಡಗಿದರು. ಪಟಿಯಾಲದ ಮಹಾರಾಜರಿಗಾಗಿ ಕಾರ್ಟಿಯೆ 1928ರಲ್ಲಿ ಪೂರ್ಣಗೊಳಿಸಿದ ಪ್ರಸಿದ್ಧ ಕಂಠಾಭರಣವೂ ಪ್ಲಾಟಿನಂನದ್ದೇ.

ಬೇಡಿಕೆ ಏರಿದಂತೆ ಬೆಲೆಯೂ ಏರಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳಿಗೆ ಬೇಕಾದ ನೈಟ್ರಿಕ್ ಆಮ್ಲದ ಉತ್ಪಾದನೆಯಲ್ಲಿ ಪ್ಲಾಟಿನಂ ವೇಗವರ್ಧಕವಾಗಿ ಬಳಕೆಯಾದುದರಿಂದ ಆಭರಣಕ್ಕೆ ದೊರೆಯುವ ಪ್ರಮಾಣ ಇನ್ನಷ್ಟು ಕುಗ್ಗಿತು. ಜರ್ಮನಿಯ ಫೋರ್ಟ್ಸ್‌ಹೈಮ್ ಹಾಗೂ ಅಮೆರಿಕಗಳಲ್ಲಿ 1910ರ ದಶಕದಲ್ಲಿ ಬಿಳಿ ಚಿನ್ನವನ್ನು ಅದರ ಬದಲಿಯಾಗಿ ಅಭಿವೃದ್ಧಿಪಡಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರವು ಆಭರಣಗಳಲ್ಲಿ ಪ್ಲಾಟಿನಂ ಬಳಕೆಯನ್ನು ನಿಷೇಧಿಸಿದಾಗ ಬಿಳಿ ಚಿನ್ನದ ಸ್ಥಾನ ಗಟ್ಟಿಯಾಯಿತು. ಹೀಗೆ ಬಿಳಿ ಚಿನ್ನವು ಮೂಲತಃ ಪ್ಲಾಟಿನಂ ಸಿಗದವರ ಆಯ್ಕೆಯಾಗಿ ಹುಟ್ಟಿತು. ಇಂದಿಗೂ ಅದು ಈ ಹಿನ್ನೆಲೆಯ ನೆರಳಿನಿಂದ ಪೂರ್ತಿಯಾಗಿ ಹೊರಬಂದಿಲ್ಲ.

ಸಂಯೋಜನೆ

ಗಡಿಯಾರಗಳಲ್ಲಿ ಬಳಸುವ ಬಿಳಿ ಚಿನ್ನ ಹೆಚ್ಚಾಗಿ 18 ಕ್ಯಾರಟ್‌ನದ್ದು. ಅದರ ಸಾವಿರ ಭಾಗಗಳಲ್ಲಿ 750 ಭಾಗ ಶುದ್ಧ ಚಿನ್ನ. ಉಳಿದ ಕಾಲುಭಾಗದಲ್ಲಿ ಹಳದಿ ಬಣ್ಣವನ್ನು ಅಳಿಸುವ ಪಲ್ಲಾಡಿಯಂ ಅಥವಾ ನಿಕ್ಕೆಲ್ ಹಾಗೂ ಅವುಗಳ ಜೊತೆಗೆ ಬೆಳ್ಳಿ, ತಾಮ್ರ ಅಥವಾ ಸತು ಇರುತ್ತವೆ. ಹೀಗೆ ಬೆರೆಸಿದರೂ ಚಿನ್ನದ ಛಾಯೆ ಸಂಪೂರ್ಣ ಮರೆಯಾಗದು. ಆದ್ದರಿಂದ ಅನೇಕ ತಯಾರಕರು ಮೇಲ್ಮೈಗೆ ರೋಡಿಯಂನ ತೆಳುವಾದ ಲೇಪನ ನೀಡುತ್ತಾರೆ. ಅಂಗಡಿಯ ಬೆಳಕಿನಲ್ಲಿ ಕಾಣುವ ಬೆಳ್ಳನೆಯ ಹೊಳಪು ಎಷ್ಟೋ ಸಲ ಚಿನ್ನದ್ದಲ್ಲ, ರೋಡಿಯಂನದ್ದು. ಲೇಪನವಿಲ್ಲದೆಯೇ ಬೆಳ್ಳಗಿರುವ ಮಿಶ್ರಣಗಳಿಗಾಗಿ ಕೆಲವು ಕಂಪನಿಗಳು ತಮ್ಮದೇ ಸೂತ್ರಗಳನ್ನು ರೂಪಿಸಿಕೊಂಡಿವೆ. ಒಮೆಗಾದ ‘ಕ್ಯಾನೋಪಸ್ ಗೋಲ್ಡ್’ ಅಂಥದ್ದೊಂದು.

ಪ್ಲಾಟಿನಂ ಕವಚಗಳಲ್ಲಿ ಸಾವಿರಕ್ಕೆ 950 ಭಾಗ ಶುದ್ಧ ಲೋಹವಿರುವುದು ಸಾಮಾನ್ಯ. ಗಡಸುತನಕ್ಕಾಗಿ ಉಳಿದ ಭಾಗದಲ್ಲಿ ರುಥೇನಿಯಂ, ಇರಿಡಿಯಂ ಅಥವಾ ಕೋಬಾಲ್ಟ್ ಸೇರಿಸುತ್ತಾರೆ. ಇದು ಸ್ವಭಾವತಃ ಬಿಳಿ. ಮೇಲೆ ಲೇಪನದ ಅಗತ್ಯವಿಲ್ಲ.

ನಿಕ್ಕೆಲ್ ಬೆರೆತ ಬಿಳಿ ಚಿನ್ನವು ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ, ಕೆಂಪು ಗುಳ್ಳೆಗಳನ್ನು ಉಂಟುಮಾಡುತ್ತದೆ. ಚರ್ಮಕ್ಕೆ ಸದಾ ತಾಗಿರುವ ವಸ್ತುಗಳಿಂದ ಹೊರಸೂಸುವ ನಿಕ್ಕೆಲ್ ಪ್ರಮಾಣಕ್ಕೆ ಐರೋಪ್ಯ ಒಕ್ಕೂಟವು 1994ರ ನಿರ್ದೇಶನದಲ್ಲಿ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂ ಮಿತಿ ಹಾಕಿತು. ಈಗಾಗಲೇ ಅಗ್ಗದ ಕಿವಿಯೋಲೆ ಅಥವಾ ಬೆಲ್ಟಿನ ಬಕಲ್‌ನಿಂದ ಅಲರ್ಜಿ ಅನುಭವಿಸಿದವರು ಪಲ್ಲಾಡಿಯಂ ಆಧಾರಿತ ಬಿಳಿ ಚಿನ್ನವನ್ನಾಗಲಿ ಪ್ಲಾಟಿನಂ ಅನ್ನಾಗಲಿ ಆರಿಸಿಕೊಳ್ಳುವುದು ಸುರಕ್ಷಿತ.

ಗೀರು ಮತ್ತು ಮೆರುಗು

ಬೆಲೆ ಹೆಚ್ಚಿರುವುದರಿಂದ ಪ್ಲಾಟಿನಂ ಗೀರು ಬೀಳದಷ್ಟು ಗಟ್ಟಿ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಎರಡೂ ಲೋಹಗಳು ಉಕ್ಕಿಗೆ ಹೋಲಿಸಿದರೆ ಸುಲಭವಾಗಿ ಗುರುತು ಹಿಡಿಯುತ್ತವೆ, ಮತ್ತು ನಿಕ್ಕೆಲ್‌ಯುಕ್ತ ಬಿಳಿ ಚಿನ್ನವು ಎಷ್ಟೋ ಪ್ಲಾಟಿನಂ ಮಿಶ್ರಣಗಳಿಗಿಂತ ಗಡಸಾಗಿರುತ್ತದೆ. ವ್ಯತ್ಯಾಸವಿರುವುದು ಗೀರಿನ ಸ್ವರೂಪದಲ್ಲಿ. ಚಿನ್ನದ ಮೇಲೆ ಗೀರು ಬಿದ್ದಾಗ ಲೋಹದ ಸೂಕ್ಷ್ಮ ಅಂಶ ಸವೆದು ಹೋಗುತ್ತದೆ. ಪ್ಲಾಟಿನಂ ಜಿಗುಟು ಲೋಹ. ಗೀರಿದ ಜಾಗದ ಲೋಹ ಕಳಚಿಹೋಗದೆ ಬಹುಪಾಲು ಪಕ್ಕಕ್ಕೆ ಸರಿದು ಸಣ್ಣ ದಿಬ್ಬದಂತೆ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಇಂಥ ಸಾವಿರಾರು ಗುರುತುಗಳು ಕೂಡಿ ಮೇಲ್ಮೈ ಬೂದುಬಣ್ಣದ ಮಂದ ಕಾಂತಿ ಪಡೆಯುತ್ತದೆ. ಕೆಲವು ಸಂಗ್ರಾಹಕರು ಇದನ್ನು ಮೆಚ್ಚುತ್ತಾರೆ. ಕನ್ನಡಿಯಂಥ ಹೊಳಪನ್ನೇ ಬಯಸುವವರಿಗೆ ಇದು ನಿರಾಶೆ ತರುತ್ತದೆ.

ಬಿಳಿ ಚಿನ್ನದ ವಿಷಯದಲ್ಲಿ ಸಮಸ್ಯೆ ಬೇರೆ. ಲಗ್‌ಗಳ ಅಂಚು, ಬಕಲ್, ಅಂಗಿಯ ತೋಳು ಉಜ್ಜುವ ಬದಿ ಮುಂತಾದ ಕಡೆ ರೋಡಿಯಂ ಮೊದಲು ಸವೆಯುತ್ತದೆ, ಒಳಗಿನ ಬೆಚ್ಚನೆಯ ಛಾಯೆ ಇಣುಕುತ್ತದೆ. ಮೆರುಗು ಹಾಕಿಸಿದರೆ ಉಳಿದ ಲೇಪನವೂ ಹೋಗುವುದರಿಂದ ಹೊಸದಾಗಿ ಲೇಪಿಸಬೇಕಾಗುತ್ತದೆ. ಈ ಕೆಲಸ ಕಷ್ಟದ್ದಲ್ಲ. ಪ್ಲಾಟಿನಂಗೆ ಮೆರುಗು ಹಾಕುವುದು ಹೆಚ್ಚು ಹಂತಗಳ, ಹೆಚ್ಚು ಸಮಯದ ಕೆಲಸವಾದುದರಿಂದ ಅನುಭವವಿಲ್ಲದ ದುರಸ್ತಿಗಾರರ ಕೈಗೆ ಕೊಡುವುದು ಅಪಾಯಕರ. ಯಾವ ಲೋಹವೇ ಆದರೂ ಪದೇ ಪದೇ ಮೆರುಗು ಹಾಕಿಸಿದ ಕವಚದ ಮೂಲೆಗಳು ಉರುಟಾಗುತ್ತವೆ, ಮರುಮಾರಾಟದ ಬೆಲೆ ಕುಸಿಯುತ್ತದೆ.

ಇದೇ ಜಿಗುಟು ಗುಣ ಕಾರ್ಖಾನೆಯಲ್ಲಿಯೂ ತೊಡಕಾಗುತ್ತದೆ. ಕಡೆಯುವಾಗ ಪ್ಲಾಟಿನಂ ಉಳಿಯ ಅಂಚಿಗೆ ಅಂಟಿಕೊಳ್ಳುತ್ತದೆ, ಉಪಕರಣಗಳು ಬೇಗ ಮೊಂಡಾಗುತ್ತವೆ. ರೋಲೆಕ್ಸ್ ಕಂಪನಿಯ ಡೇ-ಡೇಟ್ 1956ರಲ್ಲಿ ಬಂದ ಮಾದರಿ. ಚಿನ್ನದ ಡೇ-ಡೇಟ್‌ನ ಗುರುತೇ ಆಗಿರುವ ಗೆರೆಗೆರೆಯಾದ ಬೆಜೆಲ್ ಪ್ಲಾಟಿನಂನಲ್ಲಿ ಬಂದದ್ದು 2022ರಲ್ಲಿ. ಅದೇ ಕಂಪನಿಯ ಉಕ್ಕಿನ ಡೇಟ್‌ಜಸ್ಟ್‌ನಲ್ಲಿ ಕಾಣುವ ಗೆರೆಯ ಬೆಜೆಲ್ ಉಕ್ಕಿನದ್ದಲ್ಲ, ಬಿಳಿ ಚಿನ್ನದ್ದು ಎಂಬುದು ಅದನ್ನು ಧರಿಸಿದವರಲ್ಲಿಯೂ ಕೆಲವರಿಗೆ ತಿಳಿದಿರುವುದಿಲ್ಲ.

ತೂಕ ಮತ್ತು ಬೆಲೆ

ಶುದ್ಧ ಪ್ಲಾಟಿನಂನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 21.4 ಗ್ರಾಂ, ಶುದ್ಧ ಚಿನ್ನದ್ದು 19.3 ಗ್ರಾಂ. ಮಿಶ್ರಲೋಹಗಳಲ್ಲಿ ಅಂತರ ಇನ್ನೂ ಹೆಚ್ಚುತ್ತದೆ. ಉದಾಹರಣೆಗೆ, ಕವಚವೊಂದರಲ್ಲಿ 3 ಘನ ಸೆಂಟಿಮೀಟರಿನಷ್ಟು ಲೋಹವಿದೆ ಎಂದು ಭಾವಿಸಿದರೆ, 18 ಕ್ಯಾರಟ್ ಬಿಳಿ ಚಿನ್ನದಲ್ಲಿ ಅದು ಸುಮಾರು 46 ಗ್ರಾಂ ತೂಗುತ್ತದೆ. ಅದರಲ್ಲಿ ಶುದ್ಧ ಚಿನ್ನ ಸುಮಾರು 35 ಗ್ರಾಂ. ಅದೇ ಕವಚ 950 ಪ್ಲಾಟಿನಂನಲ್ಲಿ ಸುಮಾರು 61 ಗ್ರಾಂ ತೂಗುತ್ತದೆ, ಶುದ್ಧ ಪ್ಲಾಟಿನಂ ಸುಮಾರು 58 ಗ್ರಾಂ. ಚರ್ಮದ ಪಟ್ಟಿಯ ತೆಳು ಗಡಿಯಾರದಲ್ಲಿ ಈ ವ್ಯತ್ಯಾಸ ಹಿತವಾಗಿಯೇ ಅನುಭವಕ್ಕೆ ಬರುತ್ತದೆ. ಪಟ್ಟಿಯೂ ಪ್ಲಾಟಿನಂನದ್ದೇ ಆದಾಗ ಭಾರ ಬಹುವಾಗಿ ಏರುತ್ತದೆ. ಸಣ್ಣ ಮಣಿಕಟ್ಟಿನವರು ಕೊಳ್ಳುವ ಮೊದಲು ಸ್ವಲ್ಪ ಹೊತ್ತು ಧರಿಸಿ ನೋಡುವುದು ಅಗತ್ಯ.

2008ರ ಮಾರ್ಚ್‌ನಲ್ಲಿ ಪ್ಲಾಟಿನಂ ದರ ಚಿನ್ನದ ಎರಡು ಪಟ್ಟನ್ನು ಮೀರಿತ್ತು. 2015ರಿಂದೀಚೆಗೆ ಸ್ಥಿತಿ ತಿರುಗಿ, ಗ್ರಾಂ ಲೆಕ್ಕದಲ್ಲಿ ಚಿನ್ನವೇ ದುಬಾರಿಯಾಗಿದೆ. ಮೇಲಿನ ಲೆಕ್ಕದ ಪ್ರಕಾರ ಚಿನ್ನದ ದರ ಪ್ಲಾಟಿನಂ ದರದ ಸುಮಾರು 1.7 ಪಟ್ಟನ್ನು ದಾಟಿದರೆ ಬಿಳಿ ಚಿನ್ನದ ಕವಚದಲ್ಲಿರುವ ಲೋಹವೇ ಹೆಚ್ಚು ಬೆಲೆಬಾಳುತ್ತದೆ. 2023 ಮತ್ತು 2024ರಲ್ಲಿ ಹೀಗೆಯೇ ಇತ್ತು. ಆದರೂ ಪ್ಲಾಟಿನಂ ಗಡಿಯಾರಗಳು ಅಗ್ಗವಾಗಲಿಲ್ಲ. ಗ್ರಾಹಕರು ತೆರುವ ಹೆಚ್ಚುವರಿ ಹಣ ತಯಾರಿಕೆಯ ಶ್ರಮಕ್ಕೆ, ಕಡಿಮೆ ಸಂಖ್ಯೆಗೆ ಮತ್ತು ಕಂಪನಿಗಳು ಈ ಲೋಹಕ್ಕೆ ಕೊಟ್ಟಿರುವ ಅಂತಸ್ತಿಗೆ ಸಲ್ಲುತ್ತದೆ. ಕರಗಿಸಿದರೆ ಸಿಗುವ ಬೆಲೆಯನ್ನು ಆಪತ್ಕಾಲದ ಆಸರೆಯೆಂದು ನೋಡುವ ಭಾರತೀಯ ರೂಢಿಯಲ್ಲಿ ಈ ಅಂಶ ಗಮನಾರ್ಹ.

ತಯಾರಕರ ಗುರುತುಗಳು

ದೂರದಿಂದ ಉಕ್ಕಿನಂತೆ ಕಾಣುವ ಗಡಿಯಾರಕ್ಕೆ ಹಲವು ಪಟ್ಟು ಹಣ ಕೊಟ್ಟವರಿಗೆ ಅದು ಪ್ಲಾಟಿನಂ ಎಂದು ತಿಳಿಯುವಂಥ ಸಣ್ಣ ಗುರುತುಗಳನ್ನು ಕಂಪನಿಗಳು ಇಡುತ್ತವೆ. ಪಟೆಕ್ ಫಿಲಿಪ್ ತನ್ನ ಪ್ಲಾಟಿನಂ ಕವಚದ ಬದಿಯಲ್ಲಿ, ಸಾಮಾನ್ಯವಾಗಿ ಆರು ಗಂಟೆಯ ಕಡೆಯ ಲಗ್‌ಗಳ ನಡುವೆ, ಪುಟ್ಟ ವಜ್ರವೊಂದನ್ನು ಕೂರಿಸುತ್ತದೆ. ರೋಲೆಕ್ಸ್‌ನ ಪ್ಲಾಟಿನಂ ಗಡಿಯಾರಗಳಿಗೆ ಮಂಜುಗಡ್ಡೆಯ ತಿಳಿನೀಲಿ ಡಯಲ್ ಗುರುತಾಗಿದೆ. 2013ರಲ್ಲಿ ಡೇಟೋನಾ ಮಾದರಿಯ ಐವತ್ತನೆಯ ವರ್ಷಕ್ಕೆ ಬಂದ ಪ್ಲಾಟಿನಂ ಆವೃತ್ತಿಯಲ್ಲಿಯೂ ಇದೇ ಬಣ್ಣವಿತ್ತು. ವಾಶರಾನ್ ಕಾನ್‌ಸ್ಟಾಂಟಿನ್‌ನ ‘ಎಕ್ಸೆಲೆನ್ಸ್ ಪ್ಲಾಟೀನ್’ ಸರಣಿಯಲ್ಲಿ ಡಯಲ್ ಸಹ ಪ್ಲಾಟಿನಂನದ್ದು, ಪಟ್ಟಿಯ ಹೊಲಿಗೆಯಲ್ಲಿಯೂ ಪ್ಲಾಟಿನಂ ಎಳೆಯಿದೆ. ಬಿಳಿ ಚಿನ್ನಕ್ಕೆ ಇಂಥ ಒಪ್ಪಿತ ಗುರುತು ಇಲ್ಲ.

ಶುದ್ಧತೆಯ ಮುದ್ರೆ

ಸ್ವಿಟ್ಜರ್ಲೆಂಡಿನಲ್ಲಿ ಅಮೂಲ್ಯ ಲೋಹದ ಗಡಿಯಾರ ಕವಚಗಳಿಗೆ ಅಧಿಕೃತ ಮುದ್ರೆ ಕಡ್ಡಾಯ. 1995ರಿಂದ ಎಲ್ಲ ಅಮೂಲ್ಯ ಲೋಹಗಳಿಗೂ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಒಂದೇ ಚಿಹ್ನೆ ಬಳಕೆಯಲ್ಲಿದೆ. ಹಾಗಾಗಿ ಚಿಹ್ನೆಯನ್ನಷ್ಟೇ ನೋಡಿದರೆ ಲೋಹ ಯಾವುದೆಂದು ತಿಳಿಯದು; ಜೊತೆಯಲ್ಲಿರುವ ಅಂಕಿಯನ್ನು, ಅಂದರೆ 18 ಕ್ಯಾರಟ್ ಚಿನ್ನಕ್ಕೆ 750, ಪ್ಲಾಟಿನಂಗೆ ಬಹುಮಟ್ಟಿಗೆ 950 ಎಂಬುದನ್ನು ಓದಬೇಕು.

ಹಳೆಯ ಗಡಿಯಾರ ಕೊಳ್ಳುವಾಗ ಪರೀಕ್ಷೆ ಸುಲಭವಲ್ಲ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವ ವಿಧಾನ ಒಳಗೆ ಯಂತ್ರವಿರುವ ಗಡಿಯಾರಕ್ಕೆ ಒಗ್ಗದು, ಒರೆಗಲ್ಲಿಗೆ ಉಜ್ಜಿದರೆ ಕವಚವೇ ಹಾಳಾಗುತ್ತದೆ. ಕ್ಷ-ಕಿರಣ ಉಪಕರಣವು ಮೇಲ್ಮೈಯನ್ನಷ್ಟೇ ಓದುತ್ತದೆ. ರೋಡಿಯಂ ಲೇಪನವೂ ಆ ಲೆಕ್ಕಕ್ಕೆ ಸೇರುವುದರಿಂದ ಫಲಿತಾಂಶವನ್ನು ಎಚ್ಚರದಿಂದ ಅರ್ಥೈಸಬೇಕು. ಭಾರತದಲ್ಲಿ 2021ರ ಜೂನ್‌ನಿಂದ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾದಾಗ ಕೈಗಡಿಯಾರಗಳಿಗೆ ವಿನಾಯಿತಿ ನೀಡಲಾಯಿತು. ಆದ್ದರಿಂದ ಇಲ್ಲಿನ ಕೊಳ್ಳುವವರು ಕವಚದ ಒಳಬದಿಯ ವಿದೇಶಿ ಮುದ್ರೆ, ಮಾದರಿ ಸಂಖ್ಯೆ ಹಾಗೂ ತಯಾರಕರ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಬೇಕಾಗುತ್ತದೆ.