ಸವಣೂರಿನ ದೊಡ್ಡಹುಣಸೆ ಮತ್ತು ದೇಶ ತಿರುಗಿದ ಐನೂರ್ವರು

ಸವಣೂರಿನ ದೊಡ್ಡಹುಣಸೇ ಮಠದ ಮರಗಳನ್ನು ನೀವೂ ನೋಡಿರಬಹುದು. ಆರು ಜನ ಕೈಕೈ ಹಿಡಿದು ನಿಂತರೂ ಬುಡ ಸುತ್ತಲಾಗದು. ಹೆಸರು ಹುಣಸೆ, ಆದರೆ ಅದು ಹುಣಸೆಯಲ್ಲ. ಆಫ್ರಿಕಾದ ಬಾವೋಬಾಬ್ ಮರ. ಮೂರರಲ್ಲಿ ಒಂದು ಮಳೆಗಾಲದಲ್ಲಿ ಬುಡಸಮೇತ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು.

ಆಫ್ರಿಕಾದ ಮರ ನಮ್ಮ ದೇಶಕ್ಕೆ ಬಂದದ್ದು ಹೇಗೆ? ಈ ಜಾತಿಯ ಮರಗಳ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳು 2015ರಲ್ಲಿ ಉತ್ತರ ಕೊಟ್ಟರು: ಒಮ್ಮೆಯಲ್ಲ, ಹಲವು ಸಲ ಮನುಷ್ಯರೇ ತಂದಿದ್ದಾರೆ. ಇದರ ಕಾಯಿಯ ಸಿಪ್ಪೆ ಗಟ್ಟಿ, ಒಳಗಿನ ತಿರುಳು ಬೇಗ ಕೆಡುವುದಿಲ್ಲ. ಹಡಗಿನ ದೂರ ಪಯಣಕ್ಕೆ ಹೇಳಿಮಾಡಿಸಿದ ಬುತ್ತಿ.

ನಮ್ಮ ನಾಡಿನಿಂದಲೂ ಹಾಗೆ ದೂರ ಹೋದವರಿದ್ದರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ವ್ಯಾಪಾರಿ ಸಂಘ, 'ಅಯ್ಯಾವೊಳೆ ಐನೂರ್ವರು'. ನಮ್ಮ ಹಿರೇಕೆರೂರು ದಾಟಿದರೆ ಸಿಗುವ ಶಿಕಾರಿಪುರ ತಾಲೂಕಿನ 11ನೇ ಶತಮಾನದ ಶಾಸನವೊಂದು ಇವರು ತಿರುಗಿದ ದೇಶಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ನೇಪಾಳವಿದೆ, ಪರ್ಷಿಯಾ ಇದೆ. ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ ಇವರ ಸರಕು. ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತೂ ಮಾರುತ್ತಿದ್ದರು.

ಇದೇ ಹೆಸರಿನ ಸಂಘ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲೂ ಕಾಣುತ್ತದೆ. ಕರ್ಪೂರಕ್ಕೆ ಹೆಸರಾದ ಬರೂಸ್ ಬಂದರಿನ ಹತ್ತಿರ 1088ರ ತಮಿಳು ಶಾಸನ ಸಿಕ್ಕಿದೆ. ಹಡಗಿನವರು ಎಷ್ಟು ಬಂಗಾರ ಕೊಡಬೇಕು ಎಂಬ ಕಟ್ಟಳೆ ಅದರಲ್ಲಿದೆ. ಅಂದರೆ ಇವರು ಬರೀ ಮಾಲು ಕಳಿಸಿ ಊರಲ್ಲಿ ಕೂತವರಲ್ಲ. ಅಲ್ಲಿಗೇ ಹೋದರು, ಜನರ ಗುರುತು ಮಾಡಿಕೊಂಡರು, ಅಲ್ಲಿಯ ದರ ತಿಳಿದರು, ಕೊನೆಗೆ ಕಟ್ಟಳೆಯನ್ನೂ ತಾವೇ ಹಾಕಿದರು.

ಇಂದು ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಜಿಐ ಮಾನ್ಯತೆ ಇದೆ. ಅದರಿಂದ ತೆಗೆದ ಬಣ್ಣ ಹೊರದೇಶದ ತಿನಿಸು, ಲಿಪ್‌ಸ್ಟಿಕ್‌ಗಳಿಗೂ ಹೋಗುತ್ತದೆ. ಆದರೆ ಬೆಳೆದವರ ಪಯಣ ಹೆಚ್ಚಾಗಿ ಬ್ಯಾಡಗಿ ಮಾರುಕಟ್ಟೆಗೇ ಮುಗಿಯುತ್ತದೆ. ಮುಂದಿನ ದಾರಿಯೂ ದರವೂ ಗೊತ್ತಿರುವುದು ಆ ದಾರಿಯಲ್ಲಿ ಓಡಾಡುವವರಿಗೆ.

ಐನೂರ್ವರಿಗೆ ಬಲ ಬಂದದ್ದು ಒಂಟಿಯಾಗಿ ತಿರುಗಿ ಅಲ್ಲ, ಸಂಘವಾಗಿ ತಿರುಗಿ. ನಮ್ಮ ರೈತ ಸಂಘಗಳೂ ವರ್ಷಕ್ಕೆ ಇಬ್ಬರನ್ನಾದರೂ ಬಣ್ಣ ತೆಗೆಯುವ ಕಾರ್ಖಾನೆಗೆ, ಹಡಗು ಹತ್ತಿಸುವ ಬಂದರಿಗೆ ಕಳಿಸಿ ನೋಡಲಿ. ಅವರು ತಿರುಗಿ ಬಂದು ಕಂಡದ್ದನ್ನು ಕಟ್ಟೆಯ ಮೇಲೆ ಕೂತು ಹೇಳಲಿ. ಕೇಳಲು ನಾವೂ ಬರುತ್ತೇವೆ.