ಮಗ ಟ್ರೇನಿಂಗ್‌ಗೆ ಹೋದ ಮೇಲೆ ಮನೆಯವರಿಗೆ ಯಾರು ದಿಕ್ಕು?

ಕಮಲಾಪುರ ಅಂದರೆ ಕೆಂಪು ಬಾಳೆ, ಕಲಬುರಗಿ ಅಂದರೆ ತೊಗರಿ. ಹೊರಗಿನವರಿಗೆ ನಮ್ಮ ಭಾಗದ ಪರಿಚಯ ಇಷ್ಟೇ. ಕೊಡಗು ಅಂದ ಕೂಡಲೇ ಸೈನ್ಯ ನೆನಪಾಗುತ್ತದೆ, ಬೆಳಗಾವಿ ಅಂದ ಕೂಡಲೇ ಮರಾಠಾ ರೆಜಿಮೆಂಟ್ ನೆನಪಾಗುತ್ತದೆ. ನಮ್ಮ ಜಿಲ್ಲೆಯ ಹೆಸರಿಗೆ ಸೈನಿಕ ಯಾರಿಗೂ ನೆನಪಾಗುವುದಿಲ್ಲ. ಆದರೂ 1600 ಮೀಟರ್ ಓಟಕ್ಕೆ ತಯಾರಾಗಲು ಬೆಳಗಿನ ಜಾವ ರಸ್ತೆಬದಿ ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ.

ಭರ್ತಿಯಾದ ಹುಡುಗನಿಗೆ ಊರಲ್ಲಿ ಹಾರ, ಶಾಲು, ಪೇಢಾ ಎಲ್ಲ ಆಗುತ್ತದೆ. ಬಸ್ ಹತ್ತಿ ಹೋದ ಮೇಲೆ ಮನೆಯಲ್ಲಿ ಬೇರೆಯೇ ಕಥೆ ಶುರು. ಟ್ರೇನಿಂಗ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಮೊದಲು ಫೋನ್ ಕೈಗೆ ಕೊಡುವುದಿಲ್ಲ. ಆಮೇಲೂ ವಾರಕ್ಕೆ ಸ್ವಲ್ಪ ಹೊತ್ತು ಅಷ್ಟೇ. "ಹುಡುಗ ಫೋನ್ ಮಾಡವಲ್ಲ, ಏನಾಗ್ಯದೋ ಏನೋ" ಅಂತ ತಾಯಿ ಊಟ ಬಿಡುತ್ತಾಳೆ. ತಂದೆ ಹೊರಗೆ ಗಟ್ಟಿಯಾಗಿ ಕಂಡರೂ ರಾತ್ರಿ ಮೊಬೈಲ್ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮಲಗುತ್ತಾನೆ.

ಕೊಡಗಿನಲ್ಲೋ ಬೆಳಗಾವಿಯಲ್ಲೋ ಆದರೆ ಪಕ್ಕದ ಮನೆಯ ಮಾಜಿ ಸೈನಿಕ ಬಂದು "ಅಲ್ಲಿ ಹೀಗೇ ಇರುತ್ತೆ, ಹೆದರಬೇಡಿ" ಅನ್ನುತ್ತಾನೆ. ನಮ್ಮ ಎಷ್ಟೋ ಊರುಗಳಲ್ಲಿ ಆ ಮಾತು ಹೇಳುವವರೇ ಇಲ್ಲ. ಯಾಕೆ ಇಲ್ಲ? ಇದಕ್ಕೆ ಇನ್ನೂರು ವರ್ಷದ ಇತಿಹಾಸ ಇದೆ.

ಹೈದರಾಬಾದಿನ ಪಡೆ ಕುಮಾವೂಂಗೆ ಹೋದದ್ದು

ಆಗ ನಾವು ನಿಜಾಮನ ರಾಜ್ಯದಲ್ಲಿದ್ದೆವು. 1813ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಹೆನ್ರಿ ರಸೆಲ್ ಒಂದು ಕಾಲಾಳು ಪಡೆ ಕಟ್ಟಿದ. ಹೆಸರು ರಸೆಲ್ ಬ್ರಿಗೇಡ್. ಖರ್ಚು ನಿಜಾಮನದು, ಹುಕುಂ ಇಂಗ್ಲಿಷರದು. ಇಂಥ ಪಡೆಗಳೇ ಮುಂದೆ ಹೈದರಾಬಾದ್ ಕಂಟಿಂಜೆಂಟ್ ಆದವು. ನಮ್ಮ ಪಕ್ಕದ ಲಿಂಗಸುಗೂರಿನಲ್ಲೂ ಅದರ ಛಾವಣಿ ಇತ್ತು.

1857ರ ದಂಗೆಯ ನಂತರ ಬ್ರಿಟಿಷರ ಲೆಕ್ಕಾಚಾರ ಬದಲಾಯಿತು. ಕೆಲವು ಜಾತಿ, ಕೆಲವು ಪ್ರದೇಶದವರು ಮಾತ್ರ ಹುಟ್ಟಾ ಯೋಧರು ಎಂಬ ವಾದ ಹುಟ್ಟಿತು. ಪಂಜಾಬ್, ನೇಪಾಳ, ಗುಡ್ಡಗಾಡಿನ ಕಡೆ ಭರ್ತಿ ಜಾಸ್ತಿಯಾಯಿತು, ದಕ್ಷಿಣದಲ್ಲಿ ಇಳಿಯಿತು. 1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ಸೇರಿಹೋಯಿತು. 1922ರಲ್ಲಿ ಅದರ ಕಾಲಾಳು ಪಡೆಗಳು 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಹೆಸರು ಹೈದರಾಬಾದ್, ಆದರೆ ಒಳಗಿನ ಜವಾನರಲ್ಲಿ ಉತ್ತರದವರೇ ಹೆಚ್ಚು. ಕೊನೆಗೆ 1945ರಲ್ಲಿ ಹೆಸರನ್ನೂ ಬದಲಿಸಿದರು. ಇಂದಿನ ಕುಮಾವೂಂ ರೆಜಿಮೆಂಟ್ ಅದೇ. ಅದರ ಸೆಂಟರ್ ಈಗ ಹಿಮಾಲಯದ ರಾಣಿಖೇತ್‌ನಲ್ಲಿದೆ.

ಅಂದರೆ ನಮ್ಮ ಸೀಮೆಯಲ್ಲಿ ಹುಟ್ಟಿದ ಪಡೆಯೇ ನಮ್ಮ ಕೈಬಿಟ್ಟು ಹೋಯಿತು. ಹುಡುಗರಿಗೆ ಧೈರ್ಯ ಕಡಿಮೆಯಿತ್ತು ಅಂತಲ್ಲ, ಭರ್ತಿ ಮಾಡಿಕೊಳ್ಳುವವರು ಈ ಕಡೆ ಬರುವುದು ಕಡಿಮೆಯಾಯಿತು. ತಲೆಮಾರಿನಿಂದ ತಲೆಮಾರಿಗೆ ಬರಬೇಕಿದ್ದ ಅನುಭವವೂ ಅಲ್ಲೇ ತುಂಡಾಯಿತು.

ಮನೆಮಂದಿ ಜೊತೆಗೇ ಇದ್ದ ಕಾಲ

ಹಳೆಯ ಮದ್ರಾಸ್ ಸೈನ್ಯದಲ್ಲಿ ಸಿಪಾಯಿಯ ಹೆಂಡತಿ ಮಕ್ಕಳು ಅವನ ಜೊತೆಗೇ ಇರುತ್ತಿದ್ದರು. ಛಾವಣಿಯ ಲೈನ್‌ನಲ್ಲಿ ಸಿಪಾಯಿಗಳು ತಾವೇ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪಡೆ ಊರು ಬದಲಿಸಿದರೆ ಸಂಸಾರವೂ ಹಿಂದೆ ನಡೆಯಬೇಕು. ಸಿಪಾಯಿಗಳ ಗಂಡುಮಕ್ಕಳನ್ನು ಚಿಕ್ಕ ಸಂಬಳ ಕೊಟ್ಟು 'ರಿಕ್ರೂಟ್ ಬಾಯ್' ಅಂತ ಸೇರಿಸಿಕೊಳ್ಳುತ್ತಿದ್ದರು. ಆ ಹುಡುಗ ಡ್ರಿಲ್ ಕಲಿಯುವುದು ಅವ್ವನ ಕಣ್ಣೆದುರಿಗೇ. ಗಂಡ ದೂರದ ಯುದ್ಧಕ್ಕೆ ಹೋದರೆ ಅಕ್ಕಪಕ್ಕದ ಗುಡಿಸಲಿನ ಹೆಂಗಸರೇ ಒಬ್ಬರಿಗೊಬ್ಬರು ಆಸರೆ.

ತರಬೇತಿ ದೂರದ ಸೆಂಟರ್‌ಗಳಿಗೆ ಹೋದ ಮೇಲೆ ಮನೆ ಒಂದು ಕಡೆ, ಹುಡುಗ ಒಂದು ಕಡೆ. ಆಗ ನಡುವೆ ಉಳಿದದ್ದು ಕಾಗದ. ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಫ್ರಾನ್ಸಿನಲ್ಲಿದ್ದ ಬಹಳಷ್ಟು ಸಿಪಾಯಿಗಳಿಗೆ ಓದು ಬರಹ ಬರುತ್ತಿರಲಿಲ್ಲ. ಅವನು ಹೇಳಬೇಕು, ಇನ್ನೊಬ್ಬ ಬರೆಯಬೇಕು. ಊರಿಗೆ ಬಂದ ಕಾಗದವನ್ನು ಓದು ಬಲ್ಲ ಯಾರೋ ಒಬ್ಬರು ಗಟ್ಟಿಯಾಗಿ ಓದಬೇಕು. ಹಾಗಾಗಿ ಕಾಗದ ಒಂದೇ ಮನೆಯದಾಗಿ ಉಳಿಯುತ್ತಿರಲಿಲ್ಲ. ಒಬ್ಬನ ಕ್ಷೇಮದ ಸುದ್ದಿಯಲ್ಲಿ ಪಕ್ಕದ ಮನೆಯವನ ಸುದ್ದಿಯೂ ಇರುತ್ತಿತ್ತು.

ಸರ್ಕಾರ ಈ ಮನೆಗಳ ಕಡೆ ನೋಡಿದ್ದು ತಡವಾಗಿ. ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಆದದ್ದು 1919ರಲ್ಲಿ, ಯುದ್ಧ ಮುಗಿದ ಮೇಲೆ. ಇಂದಿನ ಕೇಂದ್ರೀಯ ಸೈನಿಕ ಮಂಡಳಿ ಅದರದೇ ಮುಂದುವರಿಕೆ. ಡಿಸೆಂಬರ್ 7ರ ಧ್ವಜ ದಿನ ಶುರುವಾದದ್ದು 1949ರಲ್ಲಿ. ಇವೆಲ್ಲ ಹೆಚ್ಚಾಗಿ ಮಾಜಿ ಸೈನಿಕರಿಗೆ, ಹುತಾತ್ಮರ ಮನೆಯವರಿಗೆ. ಟ್ರೇನಿಂಗ್‌ನಲ್ಲಿರುವ ಹುಡುಗನ ಅವ್ವನ ಚಿಂತೆ ಯಾವ ಅರ್ಜಿ ನಮೂನೆಯಲ್ಲೂ ಬರುವುದಿಲ್ಲ. ಅದನ್ನು ಯಾವತ್ತೂ ಹೊತ್ತವರು ಓಣಿಯವರೇ.

ಈಗ ಯಾರು ಹೊರಬೇಕು?

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ಸೇವೆ ನಾಲ್ಕು ವರ್ಷ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ತೆಗೆದುಕೊಂಡು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಹದಿನೇಳೂವರೆ ವರ್ಷಕ್ಕೇ ಸೇರಬಹುದು. ಹದಿನೆಂಟು ತುಂಬದವನ ಕಾಗದಪತ್ರಕ್ಕೆ ತಂದೆ ತಾಯಿಯ ಸಹಿ ಬೇಕು. ಸೇನೆಯ ಮೊದಲ ತಂಡಕ್ಕೆ 31 ವಾರ ತರಬೇತಿ ಇತ್ತು, ಅದರಲ್ಲಿ ಮೊದಲ 10 ವಾರ ಮೂಲ ತರಬೇತಿ. ಮನೆಯವರಿಗೆ ಕಠಿಣ ಆಗುವುದು ಆ ಹತ್ತು ವಾರವೇ.

ಗಂಡುಮಕ್ಕಳ ಮಾತಷ್ಟೇ ಅಲ್ಲ. ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರ್‌ನಿಂದ 2021ರ ಮೇ 8ರಂದು 83 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಹೆಣ್ಣುಮಗಳನ್ನು ಕಳಿಸಿದ ಮನೆಗೆ ಚಿಂತೆಯ ಜೊತೆ ಊರವರ ಮಾತೂ ಎದುರಿಸುವ ಕೆಲಸ ಇರುತ್ತದೆ.

ಬೆಳಗಾವಿಯ ಸೇನಾ ಭರ್ತಿ ಕಚೇರಿಯ ವ್ಯಾಪ್ತಿಯಲ್ಲಿ ಬೆಳಗಾವಿ, ಬೀದರ್, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ ಬರುತ್ತವೆ. ಒಂದೇ ರ‍್ಯಾಲಿಯಲ್ಲಿ ಪಾಸಾದ ಹುಡುಗರು ಹಲವು ಊರಿನವರು. ಅವರ ತಂದೆ ತಾಯಿಗಳಿಗೆ ಮಾತ್ರ ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ. ಹುಡುಗ ಹೋಗುವ ಮುಂಚೆಯೇ ಜೊತೆಗಾರರ ಮನೆಯ ನಂಬರ್ ಬರೆದಿಟ್ಟುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಭಾನುವಾರ ಒಬ್ಬ ಹುಡುಗನಿಗೆ ಫೋನ್ ಸಿಕ್ಕರೆ ಹತ್ತು ಮನೆಗೆ ಸುದ್ದಿ ಮುಟ್ಟುತ್ತದೆ. "ವೈನಿ, ನಮ್ಮವನು ಮಾತಾಡ್ದ, ನಿಮ್ಮವನೂ ಆರಾಮ ಅದಾನಂತ್ರಿ" ಅನ್ನುವ ಒಂದು ಮಾತು ಸಾಕು, ಆ ಮನೆಯಲ್ಲಿ ರಾತ್ರಿ ರೊಟ್ಟಿ ಬೇಯುತ್ತದೆ. ಅಂದು ಗಟ್ಟಿಯಾಗಿ ಓದುತ್ತಿದ್ದ ಕಾಗದ ಮಾಡಿದ ಕೆಲಸವೇ ಇದು.

ಎರಡು ಎಚ್ಚರಿಕೆ ಮಾತ್ರ ಬೇಕು. ಸೆಂಟರ್ ಒಳಗಿನ ಫೋಟೋ, ಹುಡುಗನ ನಂಬರ್, ಪೋಸ್ಟಿಂಗ್ ವಿವರ ಗುಂಪಿನಲ್ಲಿ ಹಾಕಬೇಡಿ. "ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾನೆ, ದುಡ್ಡು ಹಾಕಿ" ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ಇನ್ನೊಂದು ಮನೆಗೆ ಕೇಳಿ, ಆಮೇಲೆ ಮುಂದಿನ ಮಾತು.

ತರಬೇತಿ ಮುಗಿದಾಗ ಕಸಂ ಪರೇಡ್ ಇರುತ್ತದೆ. ಹಲವು ಸೆಂಟರ್‌ಗಳಲ್ಲಿ ತಂದೆ ತಾಯಿಗೆ ಗೌರವ ಪದಕ ಹಾಕುತ್ತಾರೆ. ಕಮಲಾಪುರದಿಂದ ಬೆಳಗಾವಿಗೆ ಹೋಗಿ ಬರುವ ಖರ್ಚು, ಎರಡು ದಿನದ ಕೂಲಿ, ಮನೆಯ ದನಕರು ನೋಡುವವರು ಯಾರು ಅನ್ನುವ ಚಿಂತೆಯಲ್ಲೇ ಎಷ್ಟೋ ಜನ ಹೋಗದೆ ಉಳಿಯಬಹುದು. ನಾಲ್ಕು ಮನೆಯವರು ಕೂಡಿ ಒಂದು ಕ್ರೂಸರ್ ಮಾಡಿದರೆ, ಐದನೇ ಮನೆಯವರು ದನಕ್ಕೆ ನೀರು ಕುಡಿಸಿದರೆ, ಆ ತಾಯಿ ಮಗನನ್ನು ಸಮವಸ್ತ್ರದಲ್ಲಿ ನೋಡಿ ಬರುತ್ತಾಳೆ. ಮುಂದಿನ ವರ್ಷ ಓಣಿಯ ಇನ್ನೊಬ್ಬ ಹುಡುಗ ಹೋದಾಗ "ಹೆದರಬ್ಯಾಡ್ರಿ, ಮೊದಲು ಹಂಗೇ ಇರ್ತದ" ಅಂತ ಹೇಳುವವಳು ಅವಳೇ.